ನಲವತ್ತು ಸೆಂಟು

ಬ್ಯಾಡ್ಜಿನ ಮೇಲೆ ‘ಶ್ರೀ’ ಎಂದು ಅಚ್ಚಾಗಿತ್ತು.
ನೋಂದಣಿ ಮೇಜಿನ ಹುಡುಗ ನಾಲಿಗೆ ಕಚ್ಚಿಕೊಂಡು
ಪೆನ್ನಿನಲ್ಲಿ ‘ಮತಿ’ ಸೇರಿಸಿ ಕೊಟ್ಟ.
ಹೀಗೆ ಅರ್ಧ ಅಚ್ಚು, ಅರ್ಧ ಕೈಬರಹವಾಗಿ
ಸಿದ್ದಾಪುರದ ಮೆಡಿಕಲ್ ಶಾಪಿನ ಬೊಳ್ಳಮ್ಮ ನಾನು,
ಜುಲೈ ಒಂದರಿಂದ ಅಧ್ಯಕ್ಷೆ.

ಮಡಿಕೇರಿ, ಮಾರ್ಚ್, ಹೋಟೆಲಿನ ಮೇಲ್ಮಹಡಿ.
ಇಪ್ಪತ್ತಾರು ಊರಿನ ನಾಳಿನ ಅಧ್ಯಕ್ಷರು,
ತಲೆಗೊಂದು ನೀಲಿ ಫೈಲು, ಎರಡು ಪೆಪ್ಪರ್‌ಮಿಂಟು.
ಮೈಸೂರಿಂದ ಬಂದ ತರಬೇತುದಾರರು
ಮೈಕಿಗೆ ಬೆರಳು ಬಡಿದು ಕೇಳಿದರು:
‘ನಿಮ್ಮ ಕನಸೇನು?’
ಅಷ್ಟೇ ಆಗಿದ್ದರೆ ಹೇಳಿಬಿಡುತ್ತಿದ್ದೆವೇನೋ.
ಒಂದೇ ವಾಕ್ಯದಲ್ಲಿರಬೇಕು, ಅಳೆಯಲು ಬರಬೇಕು,
ಹನ್ನೆರಡು ತಿಂಗಳಲ್ಲಿ ಮುಗಿಯಬೇಕು ಎಂದರು.
ಎಲ್ಲರೂ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚತೊಡಗಿದೆವು.

ಆಮೇಲೆ ಕಾಗದದ ಲೋಟಗಳಲ್ಲಿ ಗೋಪುರ ಕಟ್ಟುವ ಆಟ.
ನಮ್ಮ ತಂಡದಲ್ಲಿ ಸೋಮವಾರಪೇಟೆಯ ಜೋಯಪ್ಪ,
ನಾಪೋಕ್ಲಿನ ಮರದ ವ್ಯಾಪಾರಿ ಮೂಸ,
ಪೊನ್ನಂಪೇಟೆಯ ನಿವೃತ್ತ ಪೀಟಿ ಮೇಷ್ಟ್ರು ಉತ್ತಯ್ಯ.
ಮೇಷ್ಟ್ರು ಬಾಯಲ್ಲಿ ಸೀಟಿಯಿಲ್ಲದೆಯೂ ಊದುತ್ತಿದ್ದರು.
ಮೂವರೂ ನಾಯಕರು, ಲೋಟ ಎತ್ತಿಕೊಟ್ಟವಳು ನಾನು.
ಏಳನೇ ಅಂತಸ್ತಿಗೆ ಕುಸಿಯಿತು.
‘ಇದರಿಂದ ಏನು ಕಲಿತಿರಿ?’
‘ಫ್ಯಾನ್ ಆರಿಸಬೇಕಿತ್ತು ಸಾರ್’ ಎಂದ ಮೂಸ.

ಊಟಕ್ಕೆ ಮೊದಲು, ಜಿಲ್ಲೆಯ ಉತ್ತಮ ಕೆಲಸಗಳು, ಪರದೆಯ ಮೇಲೆ.
ಮೂರನೆಯದು ನಮ್ಮದೇ:
ಪಾಲಿಬೆಟ್ಟದ ಲೈನ್‌ಮನೆ ಮುಂದೆ ಗಾಲಿಕುರ್ಚಿಯಲ್ಲಿ ಅಂಜಲೈ,
ಹಿಂದೆ ನಮ್ಮ ಬ್ಯಾನರು, ಬ್ಯಾನರಿನ ಹಿಂದೆ ನಾವು ಹದಿನೆಂಟು ಜನ.
‘ನೋಡಿ, ಈ ನಗು!’
ಹಾಲ್ ತುಂಬ ಚಪ್ಪಾಳೆ. ನಾನೂ ತಟ್ಟಿದೆ.
ಆ ಫೋಟೋಕ್ಕೆ ಎಲ್ಲರನ್ನೂ ನಿಲ್ಲಿಸಿದವಳು ನಾನೇ.
‘ನಗಬೇಕಾ ಅಕ್ಕಾ?’ ಎಂದು ಕೇಳಿದ್ದಳು,
ನಾನು ಹೂಂ ಎಂದಿದ್ದೆ.

ಅವಳ ಬಾಗಿಲಿಂದ ರಸ್ತೆಗೆ
ಮಣ್ಣಿನಲ್ಲಿ ಕಡಿದ ಹತ್ತೊಂಬತ್ತು ಮೆಟ್ಟಿಲು.
ಮೊನ್ನೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಲು ಹೋದಾಗ
ಕುರ್ಚಿಯಲ್ಲಿ ಗೋಣಿ ಹಾಸಿ ಹೇಟೆ ಕಾವು ಕೂತಿತ್ತು.
ಅಂಜಲೈ ನೆಲದ ಮೇಲೇ ಇದ್ದಳು.
‘ಹನ್ನೊಂದು ಮೊಟ್ಟೆ’ ಎಂದಳು, ಈ ಸಲ ತಾನಾಗಿ ನಕ್ಕು.

ಅಷ್ಟರಲ್ಲಿ ಜೋಯಪ್ಪನ ಫೋನು.
‘ಎಷ್ಟಂತೆ?’
‘ನಲವತ್ತು ಸೆಂಟು.’
ತರಬೇತಿ ಅಲ್ಲಿಗೆ ಮುಗಿಯಿತು.
ಅರ್ಧ ಸಭೆ ಕಿಟಕಿಗೆ, ಇನ್ನರ್ಧ ತೋಟದ ರೈಟರಿಗೆ ಕರೆ:
ಅಮ್ಮತ್ತಿಗೆ? ಸುಂಟಿಕೊಪ್ಪಕ್ಕೆ? ನಮ್ಮ ಗಡಿಯ ಆಚೆಗಾ, ಈಚೆಗಾ?
‘ಸೆಂಟು ಅಂದರೆ ಜಾಗವೇ?’ ತರಬೇತುದಾರರು ಕಂಗಾಲು.
‘ಇಂಚಿನ ನೂರನೇ ಪಾಲು ಸಾರ್,’ ಎಂದರು ಉತ್ತಯ್ಯ ಮೇಷ್ಟ್ರು,
‘ಹೂಮಳೆ.’

ಜೋಯಪ್ಪನಿಗೆ ಮಾತ್ರ ಖುಷಿಯಿಲ್ಲ.
‘ನಲವತ್ತು ಯಾವ ಮೂಲೆಗೆ? ಮೊಗ್ಗು ಅರೆಬಿರಿದು ನಿಲ್ಲುತ್ತೆ.
ಇಂಚೇ ಸುರಿದರೂ ಅಷ್ಟೇ,
ಇಪ್ಪತ್ತು ದಿನದೊಳಗೆ ಬ್ಯಾಕಿಂಗ್ ಮಳೆ ಬೀಳದಿದ್ದರೆ
ಹೂವಿನ ಫೋಟೋ ಉಳಿಯುತ್ತೆ, ಕಾಯಿ ಉಳಿಯಲ್ಲ.’
ಅವನು ಹೇಳಿದ್ದು ಕಾಫಿಯ ಮಾತು.
ಪರದೆಯ ಮೇಲೆ ಅಂಜಲೈ ಇನ್ನೂ ನಗುತ್ತಲೇ ಇದ್ದಳು,
ಮುಂದಿನ ಚಿತ್ರಕ್ಕೆ ದಾಟಿಸುವುದನ್ನು ಎಲ್ಲರೂ ಮರೆತಿದ್ದರು.

ಕೊನೆಗೆ ಫಾರಮು: ‘ನನ್ನ ವರ್ಷದ ಗುರಿ’.
ಬರೆದೆ: ಪಾಲಿಬೆಟ್ಟ, ಹತ್ತೊಂಬತ್ತು ಮೆಟ್ಟಿಲು, ಇಳಿಜಾರು.
‘ಇದು ಹಳೆಯ ಅಧ್ಯಕ್ಷರ ಯೋಜನೆಯಲ್ಲವೇ ಮೇಡಂ?
ನಿಮ್ಮ ಹೆಸರಲ್ಲಿ ಹೊಸದೇನಾದರೂ…’
ಕೆಟ್ಟವರಲ್ಲ. ದನಿ ಮೆದುವಾಗಿತ್ತು.
ಫಾರಮಿನಲ್ಲಿ ಹಳೆಯದಕ್ಕೆ ಜಾಗವಿರಲಿಲ್ಲ,
ಅಂಚಿನಲ್ಲಿ ಬರೆದದ್ದನ್ನು ಅಂಚಿನಲ್ಲೇ ಬಿಟ್ಟು ಸಹಿ ಹಾಕಿದೆ.

ಬಸ್ಸಿನಲ್ಲಿ ಲೆಕ್ಕ: ಸಿಮೆಂಟು ಎಷ್ಟು ಮೂಟೆ,
ತೋಟದ ಮಾಲೀಕರು ಒಪ್ಪುತ್ತಾರಾ,
ಮರಿ ಹೊರಬರುವ ತನಕ ಹೇಟೆಯನ್ನು ಎಬ್ಬಿಸುವಂತಿಲ್ಲ.
ಎದೆಯ ಮೇಲಿನ ಬ್ಯಾಡ್ಜು ಓದಿ ಕಂಡಕ್ಟರ್ ಕೇಳಿದ,
‘ಎಲೆಕ್ಷನ್ನಾ ಅಕ್ಕಾ?’
ಚೆಟ್ಟಳ್ಳಿ ದಾಟುವಾಗ ಗಾಜಿಗೆ ನಾಲ್ಕು ಹನಿ.
ಇಡೀ ಬಸ್ಸು ಕಿಟಕಿಯಾಚೆ ಕೈ ಚಾಚಿತು,
ನಾನೂ ಚಾಚಿದೆ, ಅಂಗೈ ಮೇಲಾಗಿ.