ಲಿಂಕ್ ಔಟ್

ಸಲ್ಮಾಬಾದಿನ ಗ್ಯಾರೇಜು ಸಾಲಿನ ಹಿಂದೆ
ನಮ್ಮ ಕ್ಯಾಂಪಿನ ಅಂಗಳ. ಗುರುವಾರ ರಾತ್ರಿ.
ಒಂದು ಪೆಟ್ಟಿಗೆ ಸಾಲದು ಎಂದವನು ನಾನೇ:
ಇನ್ನೂರು ಜನ, ಗೋಡೆ ತುಂಬ ಎಸಿಗಳ ಗೊರಕೆ,
ದುರುಗಪ್ಪನ ಗಂಟಲೋ, ಹಗಲೆಲ್ಲ ಸಿಮೆಂಟು ಕುಡಿದದ್ದು.

ನಾಲ್ಕು ಕೂಡಿಸಿದೆವು.
ನೊವೆನಾಕ್ಕೆಂದು ನಾನು ಕೊಂಡ ಕರಿಯದು,
ಬಿನೀಶನ ಕರೋಕೆ ಡಬ್ಬಿ
(ಹೊಟ್ಟೆಯೊಳಗೆ ಬಣ್ಣದ ದೀಪ, ಆರಿಸುವುದು ಹೇಗೆಂದು ಅವನಿಗೂ ಗೊತ್ತಿಲ್ಲ),
ಜಯಶೀಲ ಬಿಟ್ಟುಹೋದದ್ದು,
ಮತ್ತೆ ಫಿಲಿಪಿನೋ ಹುಡುಗ ರೋಡೆಲ್
ಎರಡು ಬೀದಿ ತಳ್ಳಿಕೊಂಡು ತಂದ ಗಾಲಿಯ ದೊಡ್ಡಣ್ಣ.

ಮೊದಲು ತಂತಿಯಿಲ್ಲದೆ ನೋಡಿದೆವು.
ನೀಲಿ ದೀಪ ಮಿಣುಕುತ್ತ ಒಂದನ್ನೊಂದು ಹುಡುಕುತ್ತದೆ,
ಕಂಪನಿ ಬೇರೆಯಾದರೆ ಮುಖ ತಿರುವುತ್ತದೆ.
ನನ್ನದೂ ಜಯಶೀಲನದೂ ಮಾತ್ರ
ಮನಾಮದ ಒಂದೇ ಅಂಗಡಿಯ ಆಫರಿನವು, ಒಪ್ಪಿದವು.
ದುರುಗಪ್ಪ ಏಕತಾರಿ ಮೀಟಿ ಒಂದು ಓ ಎಳೆದ.
ಇಲ್ಲಿ ಓ.
ಅಲ್ಲಿ, ರೆಪ್ಪೆ ಬಡಿಯುವಷ್ಟು ತಡವಾಗಿ, ಓ.
ಊರಿಗೆ ಫೋನು ಮಾಡಿದರೆ ನಮ್ಮ ಹಲೋ
ನಮಗೇ ಬಂದು ಬಡಿಯುತ್ತದಲ್ಲ, ಹಾಗೆ.
"ಅಣ್ಣಾರ, ನಾ ಇನ್ನೂ ಉಸರ ತಗೋತಿರ್ತೀನಿ,
ಆ ಕಡಿ ಯಾವನೋ ಹಾಡಾಕತ್ತಾನ."
ಎಲ್ಲರೂ ನಕ್ಕರು. ನಾನು ನಗಲಿಲ್ಲ.
ಇಲೆಕ್ಟ್ರೀಶಿಯನ್ ಎಂಬ ಹೆಸರು ಕೆಡುವ ಹೊತ್ತು ಅದು.

ತಂತಿಯೇ ಗತಿ.
ಚರ್ಚಿನದೊಂದು, ಬಿನೀಶನದೊಂದು,
ವರ್ಕ್‌ಶಾಪಿನಲ್ಲಿ ಮಧ್ಯಾಹ್ನದ ಊಟ ಬಿಟ್ಟು ನಾನೇ ಬೆಸೆದದ್ದೊಂದು.
ಸುಟ್ಟ ಗುರುತು ಹೆಬ್ಬೆರಳಲ್ಲಿ ಈಗಲೂ ಇದೆ.
ಒಂದರ ಬೆನ್ನಿನ ಔಟು ಇನ್ನೊಂದರ ಬೆನ್ನಿನ ಇನ್ನಿಗೆ.
ಮೈಕ್ ಎಂದಿರುವ ಗುಂಡಿಯನ್ನು ಲೈನಿಗೆ ಸರಿಸಬೇಕು,
ಮರೆತರೆ ಅರಚುತ್ತದೆ.
ಮರೆತೆ. ಅರಚಿತು.
ಅಡುಗೆಮನೆಯಿಂದ ಬಂಗಾಳಿ ಮಾಮ ಸೌಟು ಹಿಡಿದೇ ಓಡಿಬಂದ.
ಆಮೇಲೆ ಗುಂಯ್ಯೆನ್ನುವ ಜೇನು, ಎಲ್ಲ ಪೆಟ್ಟಿಗೆಯೊಳಗೂ.
ಒಂದೊಂದೂ ಒಂದೊಂದು ಗೋಡೆಯ ಕರೆಂಟು ಕುಡಿಯುತ್ತಿತ್ತು;
ಒಂದೇ ಬೋರ್ಡಿಗೆ ತಂದೆ, ಜೇನು ಎದ್ದುಹೋಯಿತು.
ಜಯಶೀಲನದಕ್ಕೆ ವಯರು ಎಟುಕಲಿಲ್ಲ.
ಬ್ಯಾಟರಿ ಎರಡು ಗೀಟು ತೋರಿಸುತ್ತಿತ್ತು, ಇರಲಿ ಎಂದೆ.

ಮನಿ ಕಟ್ಟಿದೆ ನಾ ಯಾರದೋ ಮನಿ,
ಕದ ಇಟ್ಟೆ ನಾ ಒಳಗ ಹೋಗದ ಕದ...
ದುರುಗಪ್ಪನೇ ಕಟ್ಟಿದ ಪದ. ಹದಿನಾಲ್ಕನೇ ಮಹಡಿಯ
ಹಲಗೆಯ ಮೇಲೆ ನಿಂತು ಕಟ್ಟಿದ್ದಂತೆ.
ಈಗ ನಾಲ್ಕು ಕಡೆಯಿಂದ ಒಬ್ಬನೇ ದುರುಗಪ್ಪ.
ಅವನ ಕೆಮ್ಮು ಕೂಡ ನಾಲ್ಕು ಕಡೆ ಒಂದೇ ಸಲ.

ಮೂರನೇ ಪದದ ನಡುವೆ ಮೂರನೇ ಪೆಟ್ಟಿಗೆ ಕಣ್ಣು ಮುಚ್ಚಿತು.
ಅದರಾಚೆಯದೂ ಹೋಯಿತೆಂದು
ಕಾಲುಗಳನ್ನು ದಾಟಿ ದಾಟಿ ಓಡಿದೆ.
ರೋಡೆಲನ ದೊಡ್ಡಣ್ಣ ಹಾಡುತ್ತಲೇ ಇದ್ದ.
ಹೌದಲ್ಲ,
ಸತ್ತ ಪೆಟ್ಟಿಗೆಯ ಬೆನ್ನಿನಲ್ಲಿ ಇನ್ನಿಗೂ ಔಟಿಗೂ ನಡುವೆ
ಬರೀ ತಾಮ್ರ. ಅದಕ್ಕೆ ಬ್ಯಾಟರಿ ಬೇಡ.
ನನಗೆ ಗೊತ್ತಿದ್ದದ್ದೇ.
ಆದರೂ ಜಾಲರಿಯ ಮೇಲೆ ಕೈ ಇಟ್ಟೆ.
ಏನೂ ನಡುಗುತ್ತಿರಲಿಲ್ಲ. ದಾಟುತ್ತಿತ್ತು.

ವೀಸಾ ರದ್ದಾದಾಗ, ಮೂವತ್ತು ಕಿಲೋದೊಳಗೆ ಹಿಡಿಸದೆ,
"ಇರಲಿ ಸಿಪ್ರಿಯಾನ್, ಯಾವತ್ತಾದರೂ ಬೇಕಾದೀತು" ಎಂದು
ನನ್ನ ಮಂಚದಡಿ ತಳ್ಳಿ ಹೋದವನು ಜಯಶೀಲ.
ಅವನ ನಂಬರಿಗೆ ಈಗ ಅರಬಿಯಲ್ಲಿ ಯಾರೋ ಎತ್ತುತ್ತಾರೆ.

ಹನ್ನೊಂದಕ್ಕೆ ವಾಚ್‌ಮನ್ ಗೇಟು ತಟ್ಟಿದ.
ಯಾರ ತಂತಿ ಯಾರದ್ದೆಂದು ಬಿಡಿಸುತ್ತ, ಸುತ್ತುತ್ತ ಕೂತೆ.
"ಕಡೀಕ್ ಕುಂತವ್ರಿಗೂ ಕೇಳ್ತೇನ್ರಿ?" ಎಂದ ದುರುಗಪ್ಪ.
"ಅಡುಗೆಮನೆವರೆಗೆ" ಎಂದೆ.
ಅಲ್ಲಿಂದ ಪಾತ್ರೆ ತೊಳೆಯುವ ಸದ್ದು, ಅದರ ಜೊತೆ
ಮಾತು ತಪ್ಪಿ ರಾಗ ಮಾತ್ರ ಉಳಿದ ಯಾರದೋ ಮನಿ.

ಮಲಗುವ ಮುಂಚೆ ಜಯಶೀಲನದನ್ನು ಚಾರ್ಜಿಗಿಟ್ಟೆ.
ಮಂಚದಡಿ ಕೆಂಪು ಚುಕ್ಕೆ.
ನಾಳೆ ರಜೆ.