ಉಗುರಿನ ಗುರುತು

ದುರ್ಗಿಗುಡಿಯಲ್ಲೊಂದು ಮಹಡಿ, ಅದರ ಮೇಲೊಂದು ಕೋಣೆ,
ಮೂವತ್ತೊಂದು ವರ್ಷದಿಂದ ಅಲ್ಲೇ ಹಲ್ಲು ಕಟ್ಟುತ್ತೇನೆ.
ಡಾಕ್ಟರಲ್ಲ. ಅವರು ಬಾಯಿ ನೋಡುತ್ತಾರೆ,
ನನ್ನ ಕೈಗೆ ಬರುವುದು ಬಾಯಿಯ ಅಚ್ಚು,
ಅಚ್ಚಿಗೆ ಅಂಟಿಸಿದ ಚೀಟಿ:
‘ಬೆನೆಡಿಕ್ಟಾ ಟೀಚರ್, ಮೇಲಿನ ಸೆಟ್ಟು, ಗುರುವಾರ.’

ಆ ಸೆಟ್ಟಿಗೆ ಗುರುವಾರ ಬರಲೇ ಇಲ್ಲ.
ಬುಧವಾರ ಮಧ್ಯಾಹ್ನ, ಕರೆಂಟು ಹೋದ ಹೊತ್ತಿನಲ್ಲಿ
ಕೊಡುಬಳೆಗೆ ಸಿಕ್ಕಿಬಿಟ್ಟಿತು.

ಕೊಡುಬಳೆ ನಮ್ಮ ನಾಯಿ. ಬಾಲ ನೋಡಿದವರು
ಹೆಸರು ಕೇಳುವುದಿಲ್ಲ.
ಒಂದು ವರ್ಷದ ಪ್ರಾಯ, ದವಡೆಗೆ ರಜೆಯಿಲ್ಲ:
ಎಡಗಾಲಿನ ಚಪ್ಪಲಿ (ಎಡಗಾಲಿನದೇ ಆಗಬೇಕು),
ನೀರಿನ ಬಿಲ್ಲು, ಸ್ಟೂಲಿನ ಮೂರನೇ ಕಾಲು.
ಅಂದು ಮುಂಗಾಲುಗಳ ನಡುವೆ ಜೋಪಾನ ಹಿಡಿದು
ಟೀಚರಮ್ಮನ ನಗುವನ್ನು ನಿಧಾನಕ್ಕೆ ಅಗಿಯುತ್ತಿತ್ತು.
ಗುಡಿಸಿ ಎಣಿಸಿದೆ. ಹದಿನಾಲ್ಕರಲ್ಲಿ ಹದಿಮೂರು.
ಹದಿನಾಲ್ಕನೆಯದಕ್ಕೆ ಎರಡು ದಿನ
ಕಡ್ಡಿ ಹಿಡಿದು ಅದರ ಹಿಂದೆ ತಿರುಗಿದೆ.

ಅಗಿಯಬೇಡ ಅನ್ನುವುದು ಹೇಗೆ?
ಅಗಿಯುವವರಿಂದಲೇ ನನಗೆ ಅನ್ನ.

ಪೇಟೆಯಲ್ಲಿ ಗಂಟು ಕಟ್ಟಿದ ಚಕ್ಕಳ ತೋರಿಸಿದರು,
ಮದುವಣಿಗನ ಪಂಚೆಯಷ್ಟು ಬಿಳಿ.
ಚರ್ಮ ಹುಟ್ಟಾ ಇಷ್ಟು ಬಿಳಿ ಇರುತ್ತದೆಯೇ ಎಂದೆ.
ಅಂಗಡಿಯ ಹುಡುಗ ಫೋನು ನೋಡಿದ.
ತಂದು ನೀರಲ್ಲಿ ನೆನೆಸಿಟ್ಟೆ; ಬೆಳಗಿಗೆ ಊದಿಕೊಂಡು
ಗಂಟಲಿಗೆ ಹೇಳಿ ಮಾಡಿಸಿದ ಬೆಣೆಯಾಗಿತ್ತು.

ಮಟನ್ ಅಂಗಡಿಯ ಮುನೀರ್ ಸಾಬರು ಕತ್ತಿ ಒರೆಸುತ್ತ ಹೇಳಿದರು:
‘ಬೆಂದ ಮೂಳೆ ಮಾತ್ರ ಕೊಡಬೇಡಿ, ಗಾಜಿನ ಹಾಗೆ ಸೀಳುತ್ತೆ.
ಹಸಿದೇ ಆದ್ರೂ ಕಾಲಿನ ನಳಿಗೆ ಬೇಡ.
ಭಾರ ಹೊತ್ತ ಮೂಳೆ ಸ್ವಾಮಿ,
ನಿಮ್ಮ ನಾಯಿ ಹಲ್ಲಿಗೆಲ್ಲ ಬಗ್ಗಲ್ಲ.’
ತಮ್ಮ ವ್ಯಾಪಾರ ತಾವೇ ಬೇಡವೆಂದವರು,
ಆ ದಿನ ಅವರಲ್ಲೇ ಅರ್ಧ ಕಿಲೋ ನನಗಾಗಿ ಕೊಂಡೆ.

ಶೆಟ್ಟಿಹಳ್ಳಿ ಕಡೆಯ ನನ್ನ ಭಾವ
ಜಿಂಕೆಯ ಕೊಂಬು ತಂದುಕೊಡಲೇ ಎಂದ,
‘ತಾನಾಗೇ ಉದುರಿದ್ದು ಮಾರಾಯ, ಪಾಪವಿಲ್ಲ.’
ಉದುರಿದರೂ ಕಾಡಿನದು ಕಾಡಿಗೇ, ಬೇಡವೆಂದೆ.
ಫಾರೆಸ್ಟಿನವರು ಬಂದರೆ ನಾಯಿಯನ್ನು ಮುಂದೆ ಮಾಡಲೇ?

ಕೊನೆಗೆ ಸೌದೆ ಲಾರಿಯ ಹೂವಪ್ಪ, ಕೊಪ್ಪದಿಂದ ಬರುತ್ತ,
ಹಳೇ ಕಾಫಿಗಿಡ ಕಿತ್ತ ತೋಟದ ಬೇರೊಂದು ಎಸೆದುಹೋದ.
‘ಔಷಧಿ ಹೊಡೆದ ತೋಟವೋ?’
‘ಹೊಡೆಯೋಕೆ ಅವರತ್ರ ದುಡ್ಡೆಲ್ಲಿ!’
ತೊಳೆದೆ, ಬಿಸಿಲಿಗಿಟ್ಟೆ, ಚೂಪೆಲ್ಲ ಅರದಲ್ಲಿ ಉಜ್ಜಿದೆ,
ಹಲ್ಲು ನಯ ಮಾಡುವ ಅದೇ ಅರ.
ಹೆಬ್ಬೆರಳ ಉಗುರು ಒತ್ತಿದೆ.
ಮೇಣ ಹದಕ್ಕೆ ಬಂತೇ ಎಂದು ದಿನವೂ ಒತ್ತುವ ಉಗುರು:
ಗುರುತು ಬಿದ್ದರೆ ವಸ್ತು ಸೋಲುತ್ತದೆ,
ಬೀಳದಿದ್ದರೆ ಹಲ್ಲು.
ಬಿತ್ತು ಒಂದು ಗೆರೆ, ಬಿದಿಗೆ ಚಂದ್ರನಷ್ಟು ಸಣ್ಣದು.

ಟೀಚರಮ್ಮ ಬಂದರು. ನಿಜ ಹೇಳಿದೆ.
ತರಗತಿಯ ಹಿಂದಿನ ಬೆಂಚು ನೋಡುವ ಕಣ್ಣಲ್ಲಿ
ನಾಯಿಯನ್ನು ನೋಡಿದರು; ಅದು ಬಾಲ ಬಿಚ್ಚಿ ಮಡಚಿತು.
ಹೊಸ ಸೆಟ್ಟು ಕೂರಿಸಿಕೊಂಡು
ಮೆತ್ತಗಿನದು ತಿನ್ನಿ ಅನ್ನುವಷ್ಟರಲ್ಲಿ
ಚೀಲದಿಂದ ತೆಗೆದೇಬಿಟ್ಟರು, ಏನು ಹೇಳಲಿ, ಕೊಡುಬಳೆ!
‘ಇದು ಮುರಿಯದಿದ್ದರೆ ನಿನ್ನ ಕೆಲಸ ಏನು ಬಂತು?’
ಕಟುಂ.
ಮೇಜಿನ ಕೆಳಗಿಂದಲೂ ಕಟುಂ.

ಆರು ವಾರ ಬಂತು ಆ ಬೇರು. ನಾರುನಾರಾಗಿ ಸವೆಯಿತು.
ಅಗಿಯುವಷ್ಟೂ ಹೊತ್ತು ಪಕ್ಕದಲ್ಲೇ ಕೂತಿದ್ದೆ;
ಭದ್ರವೆಂದು ಬಿಟ್ಟು ಎದ್ದುಹೋಗುವಂಥದ್ದು
ಯಾವ ಮರದಲ್ಲೂ ಬೆಳೆಯುವುದಿಲ್ಲ.
ನುಂಗುವಷ್ಟು ಚಿಕ್ಕದಾದ ದಿನ ಕಿತ್ತುಕೊಂಡೆ.
ಎಸೆಯಲು ಹೋಗಿ ಬೆಳಕಿಗೆ ಹಿಡಿದು ನೋಡಿದರೆ
ಮೇಲ್ದವಡೆ, ಕೆಳದವಡೆ, ಕೋರೆಯ ಕುಳಿ,
ಇಷ್ಟು ಚೊಕ್ಕ ಅಚ್ಚು ಯಾವ ಡಾಕ್ಟರೂ ಕಳಿಸಿಲ್ಲ.

ಕಪಾಟಿನಲ್ಲಿದೆ ಈಗ, ಉಳಿದ ಬಾಯಿಗಳ ಸಾಲಿನಲ್ಲಿ.
ಕೆಳಗೆ ಕೂತು ಅದನ್ನೇ ನೋಡುತ್ತದೆ ಕೊಡುಬಳೆ,
ಗುರುವಾರ ಯಾವಾಗ ಎಂಬಂತೆ.