ವೈಟ್ ಅಂದ್ರ ರಿಜೆಕ್ಟ್

ಉದ್ಯಮಬಾಗದ ಮೂಲ್ಯಾಗ ಗೌಸಬಿಯ ಚಾದಂಗಡಿ.
ಮೊದಲನೇ ಪಾಳಿ ಬಿಟ್ಟ ಮ್ಯಾಲೆ
ಮಾರಿ ಮಸಿ ತೊಳಕೊಳ್ಳದ ನಾಕು ಮಂದಿ
ಬಾಕಿನ ಮ್ಯಾಲೆ ಕುಂತು ದಿನಾ ಕೇಳತಾರ:
ಹೇಳಪಾ ದುರದುಂಡಿ, ಇಂಗ್ಲೆಂಡಿನ್ಯಾಗ ಚಾ ಹೆಂಗಿತ್ತು?

ಚಾ ಅಲ್ಲೋ, ಕಾಫಿ.
ಚಾದ ದೇಶ ಅಂತ ಹೋದ್ರ
ಓಣಿಗೊಂದು ಕಾಫಿ.

ಹನ್ನೊಂದು ದಿನ ಇದ್ನಿ ಬರ್ಮಿಂಗ್‌ಹ್ಯಾಮಿನ್ಯಾಗ.
ಮುಚ್ಚಿದ ಕಾರ್ಖಾನೆಯ ಹಳೇ ಮೋಲ್ಡಿಂಗ್ ಮಷೀನು
ಬಿಚ್ಚಿ, ನಂಬರ್ ಬರದು, ಪೆಟ್ಟಿಗ್ಯಾಗ ಹಾಕೂದು ನನ್ನ ಕೆಲಸ.
ಮಾಲಕ ಪಾರೀಸ ಚೌಗಲೆ ಕೊಟ್ಟ ಕೋಟು,
ತೋಳು ಗಿಡ್ಡ.
ಹೇಂತಿ ಕಟ್ಟಿಕೊಟ್ಟ ಶೇಂಗಾ ಹಿಂಡಿ
ನಾಕನೇ ದಿನಕ್ಕ ಮುಗೀತು.

ಐದನೇ ದಿನ ರವಿವಾರ.
ಜಿಟಿಜಿಟಿ ಮಳಿ. ಕೆಲಸ ಇಲ್ಲ, ಮಾತಿಗೆ ಮಂದಿ ಇಲ್ಲ.
ದೊಡ್ಡ ಗಾಜಿನ ಅಂಗಡಿ ಮುಂದ ನಿಂತು
ರೇಟು ಓದಿ, ನೂರರಿಂದ ಗುಣಿಸಿ
ಮೂರು ಸಲ ಮುಂದ ಹೋದ್ನಿ.

ಕಾಲುವಿ ದಂಡಿಗೆ ಒಂದು ಕೆಂಪ ಇಟ್ಟಂಗಿ ಶೆಡ್ಡು.
ಬಾಗಲದಾಗ ನಾಯಿ ಮಲಗಿತ್ತು.
ನಾಯಿ ಮಲಗೂ ಜಾಗಾದಾಗ ಯಾರೂ ಬೈಯೂದಿಲ್ಲ ಅಂತ
ದಾಟಿ ಒಳಗ ಹೋದ್ನಿ.
ಒಂದಕ್ಕೊಂದು ಹೊಂದದ ಕುರ್ಚಿ,
ಅರ್ಧ ಅಳಿಸಿದ ಸೀಮೆಸುಣ್ಣದ ಹಲಗಿ.
ಹುಡುಗಿ ಕೇಳಿದ್ಲು: ಫ್ಲ್ಯಾಟ್ ವೈಟ್?

ನನ್ನ ಇಂಗ್ಲಿಷು ಫೌಂಡ್ರಿಯಾಗ ಕಲ್ತದ್ದು.
ಫ್ಲ್ಯಾಟ್ ಅಂದ್ರ ಗೊತ್ತು: ಪಟ್ಟಿ ಇಟ್ರ ಕೆಳಗ ಬೆಳಕು ತೂರಬಾರದು.
ವೈಟ್ ಅಂದ್ರೂ ಗೊತ್ತು: ಲಗೂ ಆರಿದ ಬೀಡು,
ಮುರದ್ರ ಒಳಗ ಬೆಳ್ಳಗ, ಗಾಜಿನಂಗ ಒಡೀತೈತಿ.
ವೈಟ್ ಅಂದ್ರ ರಿಜೆಕ್ಟ್.
ಅಂಥಾದ್ದನ್ನ ಕುಡಿಯೂದು ಹೆಂಗ?
ಯೆಸ್ ಅಂದ್ನಿ.

ಹಾಲಿನ ಮ್ಯಾಲೆ ಎಲಿ ಬರದು ಕೊಟ್ಲು.
ಅಚ್ಚಿಲ್ಲ, ಪ್ಯಾಟರ್ನ್ ಇಲ್ಲ,
ಮಣಿಕಟ್ಟು ಅಲುಗಿಸಿದ್ದಷ್ಟ.
ಅದನ್ನ ಕೆಡಸಾಕ ಮನಸಾಗದ ಕುಂತ್ನಿ.

ಅದು ಆರೂದರಾಗ ತಲಿ ಎತ್ತಿದ್ನಿ.
ಮ್ಯಾಲೆ ಕ್ರೇನಿನ ಹಳಿ.
ಹೊಗಿ ತಿಂದ ಗ್ವಾಡಿ.
ಬೂಟಿನ ತುದೀಲೆ ನೆಲದ ಸಂದಿ ಕೆದರಿದ್ರ
ಕರೀ ಉಸುಕು.
ಮೂಸಿ ನೋಡೂದೇನೈತಿ,
ಇಪ್ಪತ್ತಾರು ವರ್ಷ ಅನ್ನದ ಜೋಡಿ ಉಂಡೀನಿ.

ಬಾಜೂದ ಮುದುಕ ನನ್ನ ಕೈ ನೋಡಿದ.
ತನ್ನ ಕೈ ಮುಂದ ಮಾಡಿದ: ಹೆಬ್ಬೆರಳ ಬುಡಕ್ಕ
ಹನಿ ಸಿಡಿದು ಸುಟ್ಟ ಗುಂಡನೆ ಕಲಿ,
ನನ್ನದರಂಥಾದ್ದ.
ನೀ ಕುಂತಲ್ಲೆ ಕ್ಯುಪೋಲಾ ಇತ್ತು, ಅಂದ.
ಅಷ್ಟ ತಿಳೀತು. ಉಳಿದದ್ದು ಅವನ ಮೀಸಿಯೊಳಗ ಉಳೀತು.

ಆಮ್ಯಾಲೆ ದಿನಾ ಸಂಜೀಕ ಅಲ್ಲೇ ಹೋದ್ನಿ.
ಒಂದಿನ ಅವನ ರೊಕ್ಕ ನಾ ಕೊಟ್ಟ್ನಿ,
ಆವತ್ತು ನೂರರಿಂದ ಗುಣಿಸಲಿಲ್ಲ.

ಮಷೀನು ಬಂದು ಮೂರನೇ ಶೆಡ್ಡಿನ್ಯಾಗ ಕುಂತೈತಿ,
ದಿನಕ್ಕ ನಾಕನೂರು ಅಚ್ಚು ತಗೀತೈತಿ.
ಬಿಚ್ಚುವಾಗ ಅದರ ಹೊಟ್ಟ್ಯಾಗ ಒಂದು ಚಮಚ ಸಿಕ್ಕಿತ್ತು,
ಯಾವನೋ ಕಪ್ಪಿನ್ಯಾಗ ತಿರುವಿ ಮರತದ್ದು.
ಈಗ ಗೌಸಬಿಯ ಸಕ್ಕರಿ ಡಬ್ಬಿಯೊಳಗೈತಿ.

ಯಲ್ಲೋಜಿ ನಗತಾನ:
ನಮ್ಮ ಶೆಡ್ಡಿನ್ಯಾಗೂ ಒಂದಿನ ಕಾಫಿ ಅಂಗಡಿ ಬರತೈತೇನಪಾ?
ಯಾರೂ ಮಾತಾಡಲಿಲ್ಲ.
ಮೂರನೇ ಗೇಟಿನ ಕಡೆ ರೈಲು ಕೂಗಿತು.
ಗೌಸಬಿ ಸ್ಟೋ ಸಣ್ಣ ಮಾಡಿ ಅಂದ್ಲು:
ಬರಲಿ. ಮೊದ್ಲ ಬಾಕಿನ ಮ್ಯಾಲಿನವರು
ಬಾಕಿ ಕೊಡ್ರಿ.